ಪುಟ ಯಾರಿಗೆ, ಸಾಲು ಯಾರಿಗೆ?

ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಒಂದು ನಿಯಮ ಇದೆ. ಒಬ್ಬ ವ್ಯಕ್ತಿಯ ಬಗ್ಗೆ ಪ್ರತ್ಯೇಕ ಲೇಖನ ಇರಬೇಕಾದ್ರೆ, ಆ ವ್ಯಕ್ತಿಗೆ ನೇರ ಸಂಬಂಧ ಇಲ್ಲದ ನಂಬಿಕಸ್ಥ ಮೂಲಗಳು ಅವರ ಬಗ್ಗೆ ಸಾಕಷ್ಟು ವಿವರವಾಗಿ ಬರೆದಿರಬೇಕು. ಇದಕ್ಕೆ ಅಲ್ಲಿ ‘ನೋಟಬಿಲಿಟಿ’ ಅಂತಾರೆ. ಕನ್ನಡದಲ್ಲಿ ಇದನ್ನ ‘ಗಮನಾರ್ಹತೆ’ ಅಂತ ಕರೆದ್ರೆ ಪರವಾಗಿಲ್ಲ. ಆದ್ರೆ ಮಾತಾಡುವಾಗ ನಾವು ಅದನ್ನ ಮೊಟಕು ಮಾಡಿ ‘ಅರ್ಹತೆ’ ಅಂತೀವಿ. ಜಗಳ ಶುರುವಾಗೋದು ಅಲ್ಲೇ. ಗಡಿಯಲ್ಲಿ ಸತ್ತ ಸೈನಿಕನ ಹೆಸರಿನ ಮುಂದೆ ‘ಅರ್ಹತೆ ಇಲ್ಲ’ ಅಂತ ಯಾರಾದ್ರೂ ಬರೆದ್ರೆ ಅದು ಬೈಗುಳದ ಹಾಗೆ ಕೇಳುತ್ತೆ. ಬರೆದವನು ದೇಶದ್ರೋಹಿ ಆಗ್ತಾನೆ, ನಿಯಮ ದಡ್ಡತನ ಆಗುತ್ತೆ, ಮೂಲ ಪ್ರಶ್ನೆ ಎಲ್ಲೋ ಕಳೆದುಹೋಗುತ್ತೆ.

ಆ ಪ್ರಶ್ನೆಯನ್ನೇ ಸ್ವಲ್ಪ ಸಮಾಧಾನವಾಗಿ ನೋಡೋಣ. ಕರ್ತವ್ಯದಲ್ಲಿ ಸತ್ತ ಸೈನಿಕನಿಗೆ ವಿಶ್ವಕೋಶದಲ್ಲಿ ಒಂದು ಪುಟ ಸಲ್ಲಬೇಕಾ? ಉದಾಹರಣೆಗೆ ದೂರ ಹೋಗೋದು ಬೇಡ. ನಮ್ಮ ಗದಗ ಜಿಲ್ಲೆಯ ಪಕ್ಕದಲ್ಲೇ, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರು ಇದೆ. ಅಲ್ಲಿನವರು ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ.

ಗೊತ್ತಿರೋ ಕತೆನೇ, ಆದ್ರೂ ಒಮ್ಮೆ ತಾರೀಖು ಹಾಕಿ ಜೋಡಿಸೋಣ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿದುಬಿತ್ತು. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ ಕಾಯುತ್ತಿದ್ದ ಆ ಠಾಣೆಯಲ್ಲಿ ಹತ್ತು ಜನ ಹೂತುಹೋದರು. ಯಾರೂ ಉಳಿದಿರೋ ಸಾಧ್ಯತೆ ಇಲ್ಲ ಅಂತ ಮರುದಿನವೇ ಸುದ್ದಿ ಬಂತು. ಹುಡುಕಾಟ ಮಾತ್ರ ನಿಲ್ಲಲಿಲ್ಲ. ಬಂಡೆಯಂಥ ಹಿಮ ಕೊರೆಯೋ ಯಂತ್ರಗಳು, ರೇಡಾರ್, ಡಾಟ್ ಮತ್ತು ಮಿಶಾ ಅನ್ನೋ ಎರಡು ನಾಯಿ. ಫೆಬ್ರವರಿ 8ರ ರಾತ್ರಿ, ಸುಮಾರು 25 ಅಡಿ ಹಿಮದ ಕೆಳಗೆ ಹನುಮಂತಪ್ಪ ಜೀವಂತ ಸಿಕ್ಕರು. 9ರಂದು ದಿಲ್ಲಿಯ ಸೇನಾ ಆಸ್ಪತ್ರೆಗೆ ತಂದರು. ಪ್ರಧಾನಿ ಹೋಗಿ ನೋಡಿ ಬಂದರು. ಊರೂರಲ್ಲಿ ಪೂಜೆ, ನಮಾಜು, ಪ್ರಾರ್ಥನೆ ನಡೆದವು. 11ರ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಅವರು ತೀರಿಕೊಂಡರು. ವಯಸ್ಸು 33. ಮುಂದಿನ ವರ್ಷದ ಸೇನಾ ದಿನದಂದು ಮರಣೋತ್ತರವಾಗಿ ಸೇನಾ ಪದಕ ಕೊಟ್ಟರು.

ಈಗ ನಿಯಮ ಹಚ್ಚಿ ನೋಡೋಣ.

ಮೊದಲನೇ ಪರೀಕ್ಷೆ, ಮೂಲಗಳು ಇವೆಯಾ? ಬೇಕಾದಷ್ಟು. ಆ ವಾರ ದೇಶದ ಯಾವ ಪತ್ರಿಕೆ ತೆಗೆದರೂ ಮುಖಪುಟದಲ್ಲಿ ಅವರ ಮುಖ ಇತ್ತು. ಎರಡನೇ ಪರೀಕ್ಷೆಯಲ್ಲಿ ತೊಡಕು ಬರುತ್ತೆ. ಒಬ್ಬ ವ್ಯಕ್ತಿ ಒಂದೇ ಒಂದು ಘಟನೆಯಿಂದ ಹೆಸರಾಗಿದ್ದರೆ, ಲೇಖನ ಘಟನೆಯ ಬಗ್ಗೆ ಇರಲಿ, ವ್ಯಕ್ತಿಯ ವಿವರ ಅದರೊಳಗೇ ಬರಲಿ ಅನ್ನುತ್ತೆ ನಿಯಮ. ಘಟನೆಯಲ್ಲಿ ಆ ವ್ಯಕ್ತಿಯ ಪಾತ್ರ ತುಂಬ ದೊಡ್ಡದಾಗಿದ್ದು, ಆಮೇಲೂ ವರ್ಷಗಟ್ಟಲೆ ಅವರ ಬಗ್ಗೆ ಬರವಣಿಗೆ ಬರ್ತಾ ಇದ್ದರೆ ಮಾತ್ರ ಬೇರೆ ಪುಟ. ಮೂರನೆಯದು, ವಿಕಿಪೀಡಿಯಾ ಸ್ಮಾರಕ ಅಲ್ಲ ಅನ್ನೋ ಸಾಲು. ತೀರಿಕೊಂಡವರ ಮೇಲಿನ ಪ್ರೀತಿ ಗೌರವ ಎಷ್ಟೇ ಇದ್ದರೂ ಪುಟ ತೆರೆಯೋಕೆ ಅದು ಕಾರಣ ಆಗಲ್ಲ.

ಸೈನಿಕರಿಗೆ ಅಂತಲೇ ಒಂದು ಅಳತೆಗೋಲೂ ಇತ್ತು. ಅಲ್ಲಿನ ಸೇನಾ ಇತಿಹಾಸದ ಸಂಪಾದಕರು ಮಾಡಿಕೊಂಡಿದ್ದ ಆ ಮಾರ್ಗಸೂಚಿ ಪ್ರಕಾರ, ದೇಶದ ಅತ್ಯುನ್ನತ ಶೌರ್ಯ ಪದಕ ಸಿಕ್ಕವರಿಗೆ, ಜನರಲ್ ದರ್ಜೆಗೆ ಏರಿದವರಿಗೆ ಸಾಕಷ್ಟು ಮೂಲ ಇದ್ದೇ ಇರುತ್ತೆ ಅಂತ ಅಂದಾಜು ಮಾಡಬಹುದಿತ್ತು. 2021ರಲ್ಲಿ ಅದನ್ನ ಕೈಬಿಟ್ಟರು. ಈಗ ಪದಕ ನೋಡಿ ಪುಟ ಕೊಡೋ ಹಾಗಿಲ್ಲ, ಮೂಲ ತೋರಿಸಬೇಕು. ಇರಲಿ. ಆ ಹಳೇ ಗೋಲಿನಲ್ಲಿ ಅಳೆದರೂ ಸೇನಾ ಪದಕ ಸಾಲುತ್ತಿರಲಿಲ್ಲ. ಪರಮವೀರ ಚಕ್ರ ಇದುವರೆಗೆ ಸಿಕ್ಕಿರೋದು 21 ಜನಕ್ಕೆ. ಅದರಲ್ಲಿ ನಮ್ಮ ನೆಲದಲ್ಲಿ ಹುಟ್ಟಿದವರು ಅಂದ್ರೆ ಕಾರವಾರ ಹತ್ತಿರದ ಚೆಂಡಿಯಾದ ರಾಮ ರಾಘೋಬ ರಾಣೆ. 1948ರ ಕಾಶ್ಮೀರ ಯುದ್ಧದಲ್ಲಿ ಮಾಡಿದ ಸಾಹಸಕ್ಕೆ ಬದುಕಿದ್ದಾಗಲೇ ಪಡೆದವರು.

ಹೋದ ದಸರಾದಲ್ಲಿ ಅಬ್ಬಿಗೇರಿಗೆ ಹೋಗಿದ್ದೆ. ಬನ್ನಿ ಕೊಟ್ಟು ಬಂಗಾರದಂಗ ಇರೋಣು ಅಂದು ಮುಗಿದಮೇಲೆ, ಸೈನ್ಯದಿಂದ ನಿವೃತ್ತರಾದ ನಮ್ಮ ಮಾಮಾ ಕಟ್ಟೆ ಮೇಲೆ ಕೂತು ಇದೇ ವಿಷಯ ತೆಗೆದರು. “ನೀ ಕಂಪ್ಯೂಟರ್ ಕೆಲಸದಾಗ ಅದಿ. ದೇಶಕ್ಕ ಪ್ರಾಣ ಕೊಟ್ಟವರಿಗೆಲ್ಲಾ ಅದರಾಗ ಒಂದೊಂದು ಪುಟ ಯಾಕ ಇರಬಾರದು?” ನಾನು ಮೇಲಿನ ನಿಯಮಗಳನ್ನೆಲ್ಲ ಬಿಡಿಸಿ ಹೇಳಿದೆ. ಹನುಮಂತಪ್ಪನವರ ಉದಾಹರಣೆನೂ ಕೊಟ್ಟೆ. ಅವರು ಕೇಳಿಸಿಕೊಂಡು ಹೀಗಂದರು: “ಹಂಗಾದ್ರ ಆರು ದಿನ ಜೀವ ಹಿಡಕೊಂಡಾಂವ ಪೇಪರಿನ್ಯಾಗ ಬಂದ. ಉಳದ ಒಂಬತ್ತು ಮಂದಿ ಲಗೂನ ಸತ್ತರು ಅಂತ ಲೆಕ್ಕಕ್ಕಿಲ್ಲ. ಇದ ಏನಪಾ ನಿಮ್ಮ ಕಾನೂನು?”

ಮಾಮಾ ಹೇಳಿದ್ದರಲ್ಲಿ ಒಂದು ಸರಿ ಇದೆ, ಒಂದು ತಪ್ಪಿದೆ. ಎರಡನ್ನೂ ಬೇರೆ ಮಾಡಬೇಕು.

ಸರಿ ಏನಂದ್ರೆ, ಆ ಹತ್ತು ಜನರಲ್ಲಿ ಕರ್ನಾಟಕದವರೇ ಮೂವರು. ಹನುಮಂತಪ್ಪ ಒಬ್ಬರು. ಹಾಸನ ಹತ್ತಿರದ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಪಿ.ಎನ್. ಮಹೇಶ ಉಳಿದಿಬ್ಬರು. ಅದೇ ಠಾಣೆ, ಅದೇ ಚಳಿ, ಅದೇ ಕರ್ತವ್ಯ, ಅದೇ ಹಿಮ. ನಾಗೇಶರ, ಮಹೇಶರ ಹೆಸರು ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿದರೆ ಎಷ್ಟು ಜನ ಹೇಳ್ತಾರೆ? ಅವರ ಬಗ್ಗೆ ಬಂದಿದ್ದು ಜಿಲ್ಲಾ ಆವೃತ್ತಿಯ ಎರಡು ದಿನದ ಸುದ್ದಿ. ಶೌರ್ಯದಲ್ಲಿ ಇವರಿಗೂ ಹನುಮಂತಪ್ಪನವರಿಗೂ ಅಜಗಜಾಂತರ ಇತ್ತು ಅಂತ ಯಾರೂ ಹೇಳಲಾರರು. ವ್ಯತ್ಯಾಸ ಇದ್ದಿದ್ದು ಸುದ್ದಿಮನೆಗೆ ಬೇಕಾದ ಪವಾಡದಲ್ಲಿ. ವಿಕಿಪೀಡಿಯಾ ಪತ್ರಿಕೆಗಳನ್ನ ಮೂಲ ಅಂತ ನಂಬಿದಾಗ, ಪತ್ರಿಕೆಗಳ ಹಸಿವನ್ನೂ ಜೊತೆಗೆ ತಗೊಂಡುಬಿಡುತ್ತೆ.

ತಪ್ಪು ಏನಂದ್ರೆ, ಪುಟವನ್ನ ಪದಕದ ಹಾಗೆ ನೋಡೋದು. ಎಲ್ಲರಿಗೂ ಸಮನಾಗಿ ಗೌರವ ಕೊಡೋ ಜಾಗ ದಿಲ್ಲಿಯಲ್ಲಿದೆ. 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ 25 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರನ್ನ ಕಲ್ಲಿನಲ್ಲಿ ಕೆತ್ತಿದ್ದಾರೆ. ಅಲ್ಲಿ ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು. ಸ್ಮಾರಕ ಇರಬೇಕಾದ್ದೇ ಹಾಗೆ. ವಿಶ್ವಕೋಶದ ಕೆಲಸ ಬೇರೆ. ಅಲ್ಲಿ ಓದುಗ ಗೌರವ ಸಲ್ಲಿಸೋಕೆ ಬರಲ್ಲ, ಏನೋ ತಿಳ್ಕೊಳ್ಳೋಕೆ ಬರ್ತಾನೆ. ಅವನಿಗೆ ಕೊಡೋಕೆ ನಮ್ಮ ಹತ್ತಿರ ಏನಿದೆ ಅನ್ನೋದೇ ಅಲ್ಲಿನ ಪ್ರಶ್ನೆ.

ಹನುಮಂತಪ್ಪನವರ ಬಗ್ಗೆ ಏನಿದೆ? ಅವರು ದಿನಾ ಆರು ಕಿಲೋಮೀಟರ್ ನಡೆದು ಹೈಸ್ಕೂಲಿಗೆ ಹೋಗ್ತಿದ್ದರು. ಸೇನೆ ಭರ್ತಿಯಲ್ಲಿ ಮೂರು ಸಲ ಫೇಲಾಗಿ, ಬಿಡದೆ ಹೋಗಿ 2002ರ ಅಕ್ಟೋಬರ್‌ನಲ್ಲಿ ಸೇರಿದರು. 13 ವರ್ಷದ ಸೇವೆಯಲ್ಲಿ 10 ವರ್ಷ ಕಾಶ್ಮೀರ, ಈಶಾನ್ಯ ಭಾರತದಂಥ ಕಷ್ಟದ ಜಾಗಗಳಲ್ಲೇ ಇದ್ದರು. 2015ರ ಆಗಸ್ಟ್‌ನಿಂದ ಸಿಯಾಚಿನ್. ಒಳ್ಳೇ ವಿವರಗಳು. ಆದ್ರೆ ಇದೆಲ್ಲ ಎಲ್ಲಿಂದ ಬಂತು ನೋಡಿ. ಆ ವಾರ ರಕ್ಷಣಾ ಇಲಾಖೆ ಹೊರಡಿಸಿದ ಒಂದು ಪ್ರಕಟಣೆಯಿಂದ. ಮರುದಿನ ನೂರು ಕಡೆ ಅಚ್ಚಾಗಿದ್ದು ಅದೇ ಪ್ರಕಟಣೆ, ಅದೇ ಕ್ರಮದಲ್ಲಿ, ಎಷ್ಟೋ ಕಡೆ ಅದೇ ವಾಕ್ಯಗಳಲ್ಲಿ.

ನಮ್ಮ ಕಸುಬಿನವರಿಗೆ ಇದು ಬೇಗ ಅರ್ಥ ಆಗುತ್ತೆ. ಒಂದೇ ಡೇಟಾಬೇಸನ್ನ ಹತ್ತು ಸರ್ವರ್‌ಗೆ ಕಾಪಿ ಮಾಡಿದ್ರೆ ಬ್ಯಾಕಪ್ ಹತ್ತಾಗುತ್ತೆ, ಮಾಹಿತಿ ಹತ್ತಾಗಲ್ಲ. ಮೂಲದಲ್ಲಿ ಒಂದು ತಾರೀಖು ತಪ್ಪಿದ್ದರೆ ಹತ್ತರಲ್ಲೂ ಅದೇ ತಪ್ಪು ಇರುತ್ತೆ, ಹತ್ತೂ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ವಿಕಿಪೀಡಿಯಾ ‘ಸ್ವತಂತ್ರ ಮೂಲ’ ಅಂತ ಹಟ ಹಿಡಿಯೋದು ಇದಕ್ಕೇ. ಬೆಟದೂರಿಗೆ ಹೋಗಿ, ಅವರ ಮೇಷ್ಟ್ರನ್ನ, ಜೊತೆಗೆ ಭರ್ತಿಗೆ ಹೋದ ಗೆಳೆಯರನ್ನ, ರೆಜಿಮೆಂಟಿನ ಸಹೋದ್ಯೋಗಿಗಳನ್ನ ಮಾತಾಡಿಸಿ, ಕಾಗದಪತ್ರ ನೋಡಿ ಬರೆದ ಒಂದು ನೂರು ಪುಟದ ಪುಸ್ತಕ ನಮ್ಮೆಲ್ಲರ ಕೈಗೆ ಬಂದಿದ್ದರೆ ಈ ವಾದವೇ ಬೇಕಾಗ್ತಿರಲಿಲ್ಲ.

ಇಲ್ಲಿಂದ ನನ್ನ ತಕರಾರು ವಿಕಿಪೀಡಿಯಾ ಮೇಲಿಗಿಂತ ನಮ್ಮ ಮೇಲೆ ಜಾಸ್ತಿ.

ಸೈನಿಕ ಸತ್ತಾಗ ನಾವು ಹೇಗೆ ಬರೀತೀವಿ ನೋಡಿ. ‘ಕೆಚ್ಚೆದೆಯ ವೀರ’, ‘ಹೆಮ್ಮೆಯ ಪುತ್ರ’, ‘ಸಾವನ್ನೇ ಸೋಲಿಸಿದ ಧೀರ’, ‘ಮಣ್ಣಿನ ಮಗ’. ಹೆಸರು ತೆಗೆದು ಬೇರೆ ಹೆಸರು ಹಾಕಿದರೂ ವರದಿ ಹಾಗೇ ಓದಿಸಿಕೊಂಡು ಹೋಗುತ್ತೆ. ಯಾವ ಬೆಟಾಲಿಯನ್, ಏನು ಕೆಲಸ, ಎಲ್ಲೆಲ್ಲಿ ಸೇವೆ, ಯಾವ ಶಾಲೆ, ಭರ್ತಿಯಾಗಿದ್ದು ಎಲ್ಲಿ, ಸಾವು ಸಂಭವಿಸಿದ್ದು ಹೇಗೆ ಅನ್ನೋ ಆರು ಪ್ರಶ್ನೆಗೆ ಉತ್ತರ ಹುಡುಕಿದರೆ ಎರಡು ಸಿಕ್ಕರೆ ಪುಣ್ಯ. ಮೆರವಣಿಗೆಗೆ ಎಷ್ಟು ಸಾವಿರ ಜನ ಸೇರಿದ್ದರು, ಯಾವ ಮಂತ್ರಿ ಹೂಗುಚ್ಛ ಇಟ್ಟರು ಅನ್ನೋದು ಮಾತ್ರ ಪೂರ್ತಿ ಇರುತ್ತೆ. ‘ಹುತಾತ್ಮ’ ಅನ್ನೋ ಪದವನ್ನೇ ತಗೊಳ್ಳಿ. ಸೇನೆಯಲ್ಲಿ ಅಂಥದ್ದೊಂದು ಅಧಿಕೃತ ಪದ ಇಲ್ಲ ಅಂತ ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ. ನಾವು ಮಾತ್ರ ಆ ಒಂದು ಪದ ಹಾಕಿ, ಅವರು ಗುಂಡಿಗೆ ಬಲಿಯಾದರೋ, ಹಿಮಕ್ಕೋ, ರಸ್ತೆ ಅಪಘಾತಕ್ಕೋ ಅನ್ನೋದನ್ನ ಮೂರನೇ ಪ್ಯಾರಾಕ್ಕೆ ತಳ್ಳಿಬಿಡ್ತೀವಿ. ಕರ್ತವ್ಯದಲ್ಲಿ ಹೇಗೆ ಸತ್ತರೂ ಗೌರವ ಒಂದೇ. ಆದ್ರೆ ಹೇಗೆ ಅನ್ನೋದನ್ನ ಬರೆಯದೇ ಇದ್ದರೆ, ಸಿಯಾಚಿನ್‌ನಲ್ಲಿ ನಮ್ಮ ಹುಡುಗರನ್ನ ಶತ್ರುವಿನ ಗುಂಡಿಗಿಂತ ಹವೆ ಮತ್ತು ಎತ್ತರವೇ ಹೆಚ್ಚು ಕೊಂದಿವೆ ಅನ್ನೋ ಮುಖ್ಯವಾದ ಸತ್ಯ ಅಡಿಗೆ ಬೀಳುತ್ತೆ. 2012ರ ಏಪ್ರಿಲ್‌ನಲ್ಲಿ ಅದೇ ಪ್ರದೇಶದ ಆಚೆ ಬದಿಯ ಗಯಾರಿಯಲ್ಲಿ ಪಾಕಿಸ್ತಾನದ 140 ಜನ ಹೀಗೇ ಹಿಮದಡಿ ಸತ್ತರು. ಈ ಎರಡನ್ನೂ ಜೊತೆಗಿಟ್ಟು ಓದಿದವನಿಗೆ ಯುದ್ಧದ ಬಗ್ಗೆ ಒಂದು ತಿಳಿವಳಿಕೆ ಬರುತ್ತೆ. ವಿಶೇಷಣಗಳಿಂದ ಅದು ಬರಲ್ಲ.

ನಿಯಮದ ಮೇಲಿನ ನನ್ನ ತಕರಾರು ಈಗ. ‘ಮೂಲ ಇದ್ದವರಿಗೆ ಪುಟ’ ಅನ್ನೋದು ಕಾಗದದ ಮೇಲೆ ಎಲ್ಲರಿಗೂ ಒಂದೇ. ನೆಲದ ಮೇಲೆ ಹಾಗಿಲ್ಲ. ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್ 2007ರ ಜುಲೈ 31ರಂದು ಉರಿಯಲ್ಲಿ ನುಸುಳುಕೋರರ ಜೊತೆ ಹೋರಾಡಿ ಸತ್ತರು, ಅಶೋಕ ಚಕ್ರ ಬಂತು. ಅವರ ಪತ್ನಿ ಸುಭಾಷಿಣಿ ವಸಂತ್ ಸಹಲೇಖಕಿಯಾಗಿ ಇಂಗ್ಲಿಷ್‌ನಲ್ಲಿ ಅವರ ಬದುಕಿನ ಪುಸ್ತಕ ತಂದರು. ಬೆಂಗಳೂರಲ್ಲಿ ಬೆಳೆದ ಮೇಜರ್ ಸಂದೀಪ್ ಉಣ್ಣಿಕೃಷ್ಣನ್ 2008ರ ನವೆಂಬರ್‌ನಲ್ಲಿ ಮುಂಬೈನ ತಾಜ್ ಹೋಟೆಲಿನಲ್ಲಿ ಸತ್ತರು. ಅವರಿಗೂ ಅಶೋಕ ಚಕ್ರ, 2022ರಲ್ಲಿ ಅವರ ಮೇಲೆ ಸಿನಿಮಾ. ಇಬ್ಬರೂ ಆ ಗೌರವಕ್ಕೆ ನೂರಕ್ಕೆ ನೂರು ಪಾತ್ರರು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವರ ಸುತ್ತ ಮೂಲಗಳು ಬೆಳೆಯೋಕೆ ಬೇಕಾದ ಮಣ್ಣು ಇತ್ತು ಅನ್ನೋದೂ ನಿಜ. ಇಂಗ್ಲಿಷ್ ಪತ್ರಿಕೆ ಇರೋ ಊರು, ಬರೆಯಬಲ್ಲ ಮನೆಯವರು, ಪ್ರಕಾಶಕರ ಪರಿಚಯ, ಅಧಿಕಾರಿ ಹುದ್ದೆ. ಬೆಟದೂರಿನ ಹೊಲಮನೆಯ ಜವಾನನಿಗೆ ಇದರಲ್ಲಿ ಒಂದೂ ಇಲ್ಲ. ಅವನಿಗೆ ಸಿಗೋದು ಆರು ದಿನದ ಟಿವಿ.

ವಿಕಿಪೀಡಿಯಾದ ಮುಂದೆ ಈ ಅಸಮಾನತೆಯನ್ನ ಇಟ್ಟರೆ ಒಂದು ಉತ್ತರ ಬರುತ್ತೆ: ನಾವು ಕನ್ನಡಿ, ಜಗತ್ತು ಓರೆ ಇದ್ದರೆ ನಾವೂ ಓರೆ ತೋರಿಸ್ತೀವಿ. ಅರ್ಧ ಒಪ್ಪತಕ್ಕ ಮಾತು. ಇನ್ನರ್ಧ ಯಾಕೆ ಒಪ್ಪಲ್ಲ ಅಂದ್ರೆ, ಅದೇ ನಿಯಮದಲ್ಲಿ ಇನ್ನೊಂದು ಸಾಲಿದೆ. ಮೂಲ ಇಂಗ್ಲಿಷ್‌ನಲ್ಲೇ ಇರಬೇಕಂತಿಲ್ಲ, ಅಂತರ್ಜಾಲದಲ್ಲೇ ಇರಬೇಕಂತಿಲ್ಲ. ಕನ್ನಡದ ಅಚ್ಚಿನ ಪುಸ್ತಕವೂ ಪೂರ್ತಿ ಸಲ್ಲುತ್ತೆ. ಆದ್ರೆ ಚರ್ಚೆಗೆ ಕೂತವರು ಮಾಡೋದು ಗೂಗಲ್ ಸರ್ಚ್. ಅಲ್ಲಿ ಬರದೇ ಇದ್ದದ್ದು ಇಲ್ಲ ಅಂತ ತೀರ್ಮಾನ. ನಿಯಮ ಉದಾರವಾಗಿದೆ, ಅದನ್ನ ಬಳಸೋ ಕೈ ಸೋಮಾರಿ.

ಮತ್ತೆ, ಇವತ್ತು ಮೂಲ ಇಲ್ಲ ಅಂದ ಮಾತ್ರಕ್ಕೆ ಕೊನೆಗೂ ಇಲ್ಲ ಅಂತಲ್ಲ. ಇದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರಿಗಿಂತ ದೊಡ್ಡ ಉದಾಹರಣೆ ಸಿಗಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡೋಕೆ ಹೋದ ಮಿಸ್ಟೀರ್ ವಿಮಾನಗಳಲ್ಲಿ ಅವರದೂ ಒಂದು. ವಾಪಸ್ ಬರಲಿಲ್ಲ. ನಮ್ಮ ದಾಖಲೆಯಲ್ಲಿ ‘ಕಾಣೆಯಾದವರು’. ಏನಾಯ್ತು ಅಂತ ಹೇಳೋರೇ ಇರಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್, ಪಾಕಿಸ್ತಾನ ವಾಯುಪಡೆಯ ಕಡೆಯ ಮಾಹಿತಿ ಇಟ್ಟುಕೊಂಡು ಆ ಯುದ್ಧದ ಪುಸ್ತಕ ತಂದ. ಅದರಿಂದ ತಿಳೀತು: ಅವತ್ತು ಒಂದು ಮಿಸ್ಟೀರ್, ತನಗಿಂತ ಎಷ್ಟೋ ವೇಗದ ಎಫ್-104 ಸ್ಟಾರ್‌ಫೈಟರ್ ಜೊತೆ ಆಕಾಶದಲ್ಲೇ ಸೆಣಸಿ ಅದನ್ನ ಉರುಳಿಸಿತ್ತು. ಲೆಕ್ಕ ಹಾಕಿದರೆ ಆ ಮಿಸ್ಟೀರ್ ದೇವಯ್ಯನವರದ್ದೇ ಆಗಬೇಕು. 1988ರಲ್ಲಿ, ಸತ್ತು 23 ವರ್ಷಕ್ಕೆ, ಮಹಾವೀರ ಚಕ್ರ ಬಂತು. 2025ರಲ್ಲಿ ಅವರ ಕತೆಯಿಂದ ಪ್ರೇರಣೆ ಪಡೆದ ಹಿಂದಿ ಸಿನಿಮಾನೂ ಬಂತು.

1970ರಲ್ಲಿ ವಿಕಿಪೀಡಿಯಾ ಇದ್ದು, ಯಾರಾದ್ರೂ ದೇವಯ್ಯನವರ ಪುಟ ತೆರೆದಿದ್ದರೆ ಅದನ್ನ ಅಳಿಸಿಹಾಕ್ತಿದ್ದರು. ಆ ದಿನದ ನಿಯಮದ ಪ್ರಕಾರ ಅದು ಸರಿಯೂ ಆಗಿರ್ತಿತ್ತು. ಬದಲಾಯಿಸಿದ್ದು ಏನು? ಅಭಿಮಾನ ಅಲ್ಲ, ಅಭಿಮಾನ ಕೊಡಗಿನಲ್ಲಿ ಮೊದಲಿಂದಲೂ ಇತ್ತು. ಬದಲಾಯಿಸಿದ್ದು ಒಬ್ಬ ಲೇಖಕ ಕೂತು ಬರೆದ ಪುಸ್ತಕ, ಅದೂ ಎದುರಾಳಿ ಕಡೆಯ ದಾಖಲೆ ನೋಡಿ ಬರೆದದ್ದು. ಸ್ವತಂತ್ರ ಮೂಲ ಅಂದ್ರೆ ಇದು. ಹೊಗಳೋಕೆ ಯಾವ ಕಾರಣವೂ ಇಲ್ಲದವನ ಬಾಯಿಂದ ಬಂದ ಮಾತಿಗೆ ಇರೋ ತೂಕವೇ ಬೇರೆ.

ಇನ್ನೂ ಹಿಂದೆ ಹೋಗೋಣ. ಬೆಂಗಳೂರಿನಲ್ಲಿ ಕೆಲಸ ಮಾಡೋ ನಮ್ಮಂಥವರು ದಿನಾ ಹೆಬ್ಬಾಳ ಫ್ಲೈಓವರ್ ಮೇಲೆ ಗಂಟೆಗಟ್ಟಲೆ ನಿಂತಿರ್ತೀವಿ. ಅದೇ ಹೆಬ್ಬಾಳದಲ್ಲಿ ಕ್ರಿ.ಶ. 750ರ ಸುಮಾರಿನ ಒಂದು ವೀರಗಲ್ಲು ಸಿಕ್ಕಿದೆ. ಗಂಗರ ದೊರೆ ಶ್ರೀಪುರುಷನ ಕಾಲದಲ್ಲಿ ರಾಷ್ಟ್ರಕೂಟರ ದಾಳಿ ಎದುರಿಸಿ ಸತ್ತ ಕಿತ್ತಯ್ಯ ಅನ್ನೋನ ಕಲ್ಲು. ಅವನು ರಾಜ ಅಲ್ಲ, ದಂಡನಾಯಕನೂ ಅಲ್ಲ. ಬೆಂಗಳೂರು ಪ್ರದೇಶದ ಅತ್ಯಂತ ಹಳೇ ಕನ್ನಡ ಶಾಸನ ಅಂತ ಈಗ ಹೆಸರಾಗಿರೋದು ಅವನ ಕಲ್ಲೇ. ಬೇಗೂರಿನ ದೇವಸ್ಥಾನದಲ್ಲಿರೋ ಕ್ರಿ.ಶ. 890ರ ಸುಮಾರಿನ ಇನ್ನೊಂದು ಕಲ್ಲು, ನಾಗತ್ತರ ಅನ್ನೋ ಅಧಿಕಾರಿಯ ಮನೆಯವನೊಬ್ಬ ‘ಬೆಂಗಳೂರಿನ ಕಾಳಗ’ದಲ್ಲಿ ಸತ್ತ ಅಂತ ಹೇಳುತ್ತೆ. ನಮ್ಮ ಈ ಊರಿಗೆ ಅಷ್ಟು ಹಿಂದೆಯೇ ಈ ಹೆಸರಿತ್ತು ಅಂತ ಗೊತ್ತಾಗಿದ್ದು ಆ ಸಾವಿನ ದಾಖಲೆಯಿಂದ. ಸತ್ತವನನ್ನ ಹೊಗಳೋದಷ್ಟೇ ಮಾಡಿ, ಎಲ್ಲಿ ಸತ್ತ ಅನ್ನೋದನ್ನ ಕೆತ್ತದೇ ಬಿಟ್ಟಿದ್ದರೆ ಆ ಊರಿನ ಹೆಸರೂ ನಮಗೆ ಸಿಕ್ತಿರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949ರಲ್ಲಿ ಹಾಕಿಸಿದ ಕಲ್ಲಂತೂ ಕಾಳಿ ಅನ್ನೋ ನಾಯಿಗೆ. ಹಂದಿ ಜೊತೆ ಕಾದಾಡಿ ಸತ್ತ ನಾಯಿ. ಅದೇ ಕಲ್ಲಿನಲ್ಲಿ ತಕ್ಕೋಲಂ ಯುದ್ಧದ ಸುದ್ದಿನೂ ಇರೋದರಿಂದ ಇತಿಹಾಸಕಾರರು ಇವತ್ತಿಗೂ ಅದನ್ನ ಓದ್ತಾರೆ.

ಈಗ ನಮ್ಮ ಕಡೆಯ ಊರುಗಳಿಗೆ ಬನ್ನಿ. ಗದಗ ಸೀಮೆಯಲ್ಲಿ ಎಷ್ಟೋ ಹಳ್ಳಿಯ ಗುಡಿ ಮುಂದೆ, ಅಗಸಿ ಬಾಗಿಲಲ್ಲಿ, ಕೆರೆ ದಂಡೆಯಲ್ಲಿ ವೀರಗಲ್ಲುಗಳಿವೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವನ ಮುಂದೆ ಕೂತ ವೀರ. ಬಹಳಷ್ಟರಲ್ಲಿ ಅಕ್ಷರ ಇಲ್ಲ, ಇದ್ದರೂ ಸವೆದುಹೋಗಿದೆ. ಅಮಾವಾಸ್ಯೆಗೆ ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ಕಾಯಿ ಒಡೀತಾರೆ. ಭಕ್ತಿಗೆ ಏನೂ ಕಡಿಮೆ ಇಲ್ಲ. ಆದ್ರೆ ಅವನು ಯಾರು, ಯಾರ ದನ ಉಳಿಸೋಕೆ ಹೋದ, ಯಾವಾಗ ಸತ್ತ, ಒಂದೂ ಗೊತ್ತಿಲ್ಲ. ವಿಶೇಷಣ ತುಂಬಿ, ವಿವರ ಬಿಟ್ಟು ತೆರೆಯೋ ವಿಕಿಪೀಡಿಯಾ ಪುಟವೂ ಅಕ್ಷರ ಇಲ್ಲದ ವೀರಗಲ್ಲೇ. ನೋಡಿದವರು ಕೈ ಮುಗೀತಾರೆ, ಮುಂದೆ ಹೋಗ್ತಾರೆ.

ಹಾಗಾದ್ರೆ ತೀರ್ಪು ಏನು? ನನ್ನ ಮಟ್ಟಿಗೆ ಹೀಗೆ. 2016ರ ಸೋನಮ್ ದುರಂತಕ್ಕೆ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಒಂದು ಗಟ್ಟಿ ಲೇಖನ ಇರಬೇಕು. ಅದರಲ್ಲಿ ಹತ್ತೂ ಜನರ ಹೆಸರು, ಹುದ್ದೆ, ಊರು ಇರಬೇಕು. ಹನುಮಂತಪ್ಪನವರ ರಕ್ಷಣೆ, ಚಿಕಿತ್ಸೆ, ಹಿನ್ನೆಲೆ ಅದರಲ್ಲೇ ಒಂದು ದೊಡ್ಡ ಭಾಗ ಆಗಬೇಕು. ಅವರದೇ ಪ್ರತ್ಯೇಕ ಪುಟ, ಅವರ ಬದುಕಿನ ಮೇಲೆ ಯಾರಾದ್ರೂ ಸ್ವತಂತ್ರವಾಗಿ ಕೆಲಸ ಮಾಡಿ ಪ್ರಕಟಿಸಿದ ದಿನ ಬರಲಿ. ಇದು ಅವರನ್ನ ಸಣ್ಣದು ಮಾಡಿದ ಹಾಗಲ್ಲ. ಮಾಮಾ ಕೇಳಿದ ಪ್ರಶ್ನೆಗೆ ಇದೇ ನನಗೆ ಕಾಣೋ ನ್ಯಾಯವಾದ ಉತ್ತರ. ಒಬ್ಬರಿಗೆ ಪುಟ ಕೊಟ್ಟು ಒಂಬತ್ತು ಜನರನ್ನ ‘ಇತರರು’ ಮಾಡೋದಕ್ಕಿಂತ, ಒಂದೇ ಪುಟದಲ್ಲಿ ಹತ್ತು ಜನ ಹೆಸರು ಸಮೇತ ಇರೋದು ಮೇಲು. ಒಟ್ಟಿಗೆ ಠಾಣೆ ಕಾದವರು ಅವರು.

ಇನ್ನೊಂದು ಕಾರಣವೂ ಇದೆ, ಅದನ್ನ ಯಾರೂ ಎತ್ತಲ್ಲ. ವ್ಯಕ್ತಿಯ ಹೆಸರಿನ ಪುಟ ತೆರೆದ ಕೂಡಲೇ ಅದಕ್ಕೆ ‘ಕುಟುಂಬ’ ಅನ್ನೋ ಉಪಶೀರ್ಷಿಕೆ ಬೇಕಾಗುತ್ತೆ. ಹೆಂಡತಿ, ಮಕ್ಕಳು, ಪರಿಹಾರದ ಹಣ, ಸರ್ಕಾರದ ಭರವಸೆ, ಅದರ ಸುತ್ತ ಬರೋ ಸುದ್ದಿ, ಎಲ್ಲ ಅಲ್ಲಿ ಬಂದು ಕೂರುತ್ತೆ. ತಂದೆಯನ್ನ ಕಳ್ಕೊಂಡ ಎಳೇ ಮಗು ದೊಡ್ಡದಾಗಿ ತನ್ನ ಅಪ್ಪನ ಹೆಸರು ಹುಡುಕಿದಾಗ ಏನು ಸಿಗಬೇಕು? ಅವರು ಏನು ಕೆಲಸ ಮಾಡ್ತಿದ್ದರು, ಎಂಥ ಜಾಗದಲ್ಲಿದ್ದರು, ಹೇಗೆ ಹೋರಾಡಿದರು ಅನ್ನೋದು ಸಿಗಬೇಕು. ಮನೆಯ ಕಷ್ಟಸುಖದ ಪಟ್ಟಿ ಅಲ್ಲ. ಘಟನೆಯ ಪುಟದಲ್ಲಿ ಈ ಸಂಯಮ ತಾನಾಗೇ ಬರುತ್ತೆ.

ಕನ್ನಡ ವಿಕಿಪೀಡಿಯಾದ ಮಾತು ಹೇಳದೇ ಮುಗಿಸಲಾರೆ. 2003ರಲ್ಲಿ ಶುರುವಾದದ್ದು, ಈಗ 30 ಸಾವಿರ ಚಿಲ್ಲರೆ ಲೇಖನ ಇವೆ. ಇಂಗ್ಲಿಷ್‌ನಲ್ಲಿ 60 ಲಕ್ಷ ದಾಟಿ ವರ್ಷಗಳಾದವು. ಪ್ರತಿ ಭಾಷೆಯ ವಿಕಿಪೀಡಿಯಾ ತನ್ನ ನಿಯಮ ತಾನೇ ಮಾಡಿಕೊಳ್ಳಬಹುದು. ಹಾಗಂತ ಅಭಿಮಾನಕ್ಕೆ ಬಾಗಿಲು ಪೂರ್ತಿ ತೆಗೀಬೇಕು ಅಂತ ನಾನು ಹೇಳಲ್ಲ. ಇವತ್ತು ಸೈನಿಕನಿಗೆ ತೆಗೆದರೆ ನಾಳೆ ಅದೇ ಬಾಗಿಲಲ್ಲಿ ಮಾಜಿ ಪಂಚಾಯ್ತಿ ಅಧ್ಯಕ್ಷರು, ಲೇಔಟ್ ಮಾಲೀಕರು, ‘ಖ್ಯಾತ ಯುವ ನಾಯಕರು’ ಒಳಗೆ ಬರ್ತಾರೆ. ಆದ್ರೆ ಇಂಗ್ಲಿಷ್‌ನವರ ಕಣ್ಣಿಗೆ ಕಾಣದ ಕನ್ನಡದ ಮೂಲಗಳನ್ನ ಹುಡುಕಿ ತೂಗೋ ಕೆಲಸ ಕನ್ನಡದವರಿಗೆ ಬಿಟ್ಟು ಬೇರೆ ಯಾರಿಗೂ ಆಗಲ್ಲ. ಹೈಸ್ಕೂಲಿನ ಸ್ಮರಣ ಸಂಚಿಕೆ, ತಾಲ್ಲೂಕು ಇತಿಹಾಸದ ಪುಸ್ತಕ, ಸ್ಥಳೀಯ ಪತ್ರಿಕೆಯ ಹಳೇ ಫೈಲು, ಮಾಜಿ ಸೈನಿಕರ ಸಂಘದವರು ತಂದ ಪುಸ್ತಿಕೆ. ಇವು ಇರೋದು ಯಾರದೋ ಮನೆಯ ಅಟ್ಟದ ಮೇಲೆ, ಶಾಲೆಯ ಬೀರುವಿನಲ್ಲಿ. ಎಲ್ಲವೂ ನಂಬೋ ಹಾಗಿರಲ್ಲ, ಎಷ್ಟೋ ಕಡೆ ಬರೀ ಜೈಕಾರ ಇರುತ್ತೆ. ಆದ್ರೆ ನೋಡದೇ ಇಲ್ಲ ಅನ್ನೋದಕ್ಕೂ ನೋಡಿ ಸಾಲದು ಅನ್ನೋದಕ್ಕೂ ವ್ಯತ್ಯಾಸ ಇದೆ.

ನಮ್ಮ ಪೀಳಿಗೆಗೆ ಇದು ಆಗದ ಕೆಲಸ ಏನಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಒಂದು ಮಧ್ಯಾಹ್ನ ಸಾಕು. ಸೈನ್ಯದಿಂದ ಬಂದವರು ಪ್ರತಿ ಊರಲ್ಲೂ ಇದ್ದಾರೆ. ಮೊದಲು ಅವರನ್ನೇ ಮಾತಾಡಿಸಿ, ಬದುಕಿದ್ದಾಗಲೇ. ಯಾವ ವರ್ಷ ಭರ್ತಿ, ಯಾವ ಯುನಿಟ್, ಎಲ್ಲೆಲ್ಲಿ ಇದ್ದರು, ಜೊತೆಗಿದ್ದವರು ಯಾರು ಅಂತ ಬರ್ಕೊಳ್ಳಿ. ಸಣ್ಣ ಪತ್ರಿಕೆಗೆ ಕೊಡಿ, ಅಚ್ಚಾಗಲಿ, ಗ್ರಂಥಾಲಯಕ್ಕೆ ಒಂದು ಪ್ರತಿ ಹೋಗಲಿ. ಅಳಿಸುವಿಕೆ ಚರ್ಚೆಯಲ್ಲಿ ಕೂತು ‘ಜೈ ಹಿಂದ್, ಈ ಪುಟ ಉಳಿಸಿ’ ಅಂತ ನೂರು ಜನ ಬರೆಯೋದಕ್ಕಿಂತ, ಒಬ್ಬ ಹುಡುಗ ಬರೆದ ನಾಲ್ಕು ಪುಟದ ಸಂದರ್ಶನ ಹೆಚ್ಚು ಕೆಲಸ ಮಾಡುತ್ತೆ. ಅಲ್ಲಿ ಮತ ಎಣಿಸಲ್ಲ, ಮೂಲ ನೋಡ್ತಾರೆ.

ಹೆಬ್ಬಾಳದ ಕಿತ್ತಯ್ಯನಿಗೆ 1,270 ವರ್ಷ ಆದಮೇಲೂ ಹೆಸರಿದೆ. ಯಾರೋ ಒಬ್ಬ ಉಳಿ ಹಿಡಿದು ಅವನ ಹೆಸರು, ಅವನು ಸತ್ತ ಸಂದರ್ಭ ಕೆತ್ತಿದ್ದರಿಂದ. ತೇಜೂರಿನ ನಾಗೇಶ, ಎಚ್.ಡಿ. ಕೋಟೆಯ ಮಹೇಶ ತೀರಿಕೊಂಡು ಹೆಚ್ಚು ವರ್ಷ ಆಗಿಲ್ಲ. ಅವರ ಜೊತೆ ಓದಿದವರು, ಕೆಲಸ ಮಾಡಿದವರು ಇನ್ನೂ ಇದ್ದಾರೆ. ಕೇಳಿದರೆ ಹೇಳ್ತಾರೆ. ಹೋಗಿ ಕೇಳೋರು ಬೇಕು.